ಹಂಗಿನ ಪೊಟ್ಟಣವೋ, ಹಕ್ಕಿನ ಅನ್ನವೋ?



ನಮ್ಮ ಸೀಮೆಗೆ ದಾನಧರ್ಮವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕೊಟ್ಟೂರು ಗುರುಬಸವೇಶ್ವರನ ತೇರಿಗೆ ದೂರದೂರದಿಂದ ನಡೆದು ಬರುವವರಿಗೆ ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ ನೀಡುವವರು ಯಾರು? ಹಳ್ಳಿಯ ರೈತರು, ಪೇಟೆಯ ಸಣ್ಣ ಅಂಗಡಿಕಾರರು, ದುಡಿದು ಉಣ್ಣುವ ಜನ. ಊರ ಶಾಲೆಗೋ ಗುಡಿಗೋ ಹಣ ಬೇಕಾದರೆ ಪಟ್ಟಿ ಎತ್ತುತ್ತಾರೆ, ಸಹಾಯಾರ್ಥ ನಾಟಕ ಆಡುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಲೆಕ್ಕವನ್ನು ಕಟ್ಟೆಯ ಮೇಲೆ ಹತ್ತು ಜನರೆದುರು ಒಪ್ಪಿಸಬೇಕು; ತಪ್ಪಿದರೆ ಕೇಳುವ ಬಾಯಿ ಅಲ್ಲೇ ಇರುತ್ತದೆ. ಎಲ್ಲ ಪಂಕ್ತಿಯಲ್ಲೂ ಎಲ್ಲರಿಗೂ ಜಾಗವಿತ್ತೆಂದು ನಾವು ಹೇಳುವುದಿಲ್ಲ; ಆ ಜಗಳ ಬೇರೆಯೇ ಇದೆ. ಆದರೆ ಕೊಟ್ಟ ಕೈಯೂ ಖರ್ಚಿನ ಕೈಯೂ ಊರಿನ ಕಣ್ಣೆದುರು ಇದ್ದವು.

2020ರ ಮಾರ್ಚಿಯಲ್ಲಿ ಕೊರೋನಾ ಬಂತು. ಜನ ಸೇರುವುದು ನಿಂತಿತು. 2021ರಲ್ಲಿ ಹಡಗಲಿ ತಾಲೂಕಿನ ಮೈಲಾರ ಜಾತ್ರೆಗೂ ಹೊರಗಿನ ಭಕ್ತರು ಬರದಂತೆ ನಿರ್ಬಂಧವಾಯಿತು. ಜಾತ್ರೆ ಇಲ್ಲದಿದ್ದರೆ ಬೆಂಡು ಬತ್ತಾಸಿನವನಿಗೆ, ಬಳೆಗಾರನಿಗೆ ಬದುಕಿಲ್ಲ. ಮದುವೆ ಇಲ್ಲದಿದ್ದರೆ ಹಡಗಲಿಯ ಮಲ್ಲಿಗೆಗೆ ಬೆಲೆಯಿಲ್ಲ. ನಾಟಕ ಇಲ್ಲದಿದ್ದರೆ ಮರಿಯಮ್ಮನಹಳ್ಳಿಯ ಕಲಾವಿದೆಯ ಒಲೆ ಹೊತ್ತುವುದಿಲ್ಲ. ಎಷ್ಟೋ ಊರುಗಳ ನೆರವಿಗೆ ಬಣ್ಣ ಹಚ್ಚಿ ಕುಣಿದವರೇ ನೆರವಿಗೆ ಕೈಚಾಚಬೇಕಾಯಿತು.

ಎಲ್ಲ ನಿಂತರೂ ವಂತಿಗೆ ಎತ್ತುವುದು ಮಾತ್ರ ನಿಲ್ಲಲಿಲ್ಲ, ವೇಷ ಬದಲಿಸಿತು. ಜೋಳಿಗೆ ಹೋಗಿ ಮೊಬೈಲು ಬಂತು. ಬೆಂಗಳೂರಿನಲ್ಲಿ ವರ್ಷವರ್ಷ ನಡೆಯುವ ಹತ್ತು ಕಿಲೋಮೀಟರಿನ ಧರ್ಮಾರ್ಥ ಓಟ 2020ರ ಡಿಸೆಂಬರಿನಲ್ಲಿ ಹೊಸ ರೀತಿಯಲ್ಲಿ ನಡೆಯಿತು. ಹೆಸರಾಂತ ಓಟಗಾರರು ಬೆಂಗಳೂರಿನಲ್ಲೇ ಓಡಿದರು. ಉಳಿದವರು ತಾವಿದ್ದ ಕಡೆಯೇ ಓಡಿ ಫೋನಿನಲ್ಲಿ ಲೆಕ್ಕ ಒಪ್ಪಿಸಿದರು. ಓಡಲಿ, ಬೇಡವೆನ್ನುವುದಿಲ್ಲ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಅದೇ ಬೆಂಗಳೂರಿನಲ್ಲಿ ಏನಾಯಿತು? ಕಟ್ಟಡ ಕಟ್ಟಿಸುವ ಧಣಿಗಳೊಡನೆ ಸಭೆ ನಡೆಸಿದ ರಾಜ್ಯ ಸರಕಾರ, ಕೂಲಿಕಾರರು ಊರಿಗೆ ಹೋಗಬೇಕಾದ ರೈಲುಗಳನ್ನೇ ಬೇಡವೆಂದಿತು. ದೇಶದ ತುಂಬ ಛೀಮಾರಿಯಾದ ಮೇಲೆ ಮಾತು ಹಿಂತೆಗೆದುಕೊಂಡಿತು. ಧರ್ಮಕ್ಕಾಗಿ ಓಡಿದವರ ಕಿಲೋಮೀಟರುಗಳನ್ನು ಯಂತ್ರ ಎಣಿಸಿತು. ಹೊಟ್ಟೆಗಾಗಿ ನಡೆದವರ ಕಿಲೋಮೀಟರುಗಳನ್ನು ಎಣಿಸಿದವರು ಯಾರು?

ಇನ್ನು ದೊಡ್ಡ ಪಟ್ಟಿಯ ಮಾತು. ಆ ಮಾರ್ಚಿಯಲ್ಲಿ ದೆಹಲಿಯಲ್ಲಿ ಪಿಎಂ ಕೇರ್ಸ್ ನಿಧಿ ಹುಟ್ಟಿತು. ಮೊದಲ ಐದೇ ದಿನಗಳಲ್ಲಿ 3,076 ಕೋಟಿ ರೂಪಾಯಿ ಬಂತು. ಕಂಪನಿಗಳು ಇದಕ್ಕೆ ಕೊಟ್ಟರೆ ಕಾನೂನಿನಂತೆ ಸಮಾಜಕ್ಕೆ ಖರ್ಚು ಮಾಡಬೇಕಾದ ಹಣದಲ್ಲಿ ಅದು ಜಮೆ. ರಾಜ್ಯದ ಮುಖ್ಯಮಂತ್ರಿಯ ಪರಿಹಾರ ನಿಧಿಗೆ ಕೊಟ್ಟರೆ ಜಮೆಯಿಲ್ಲ! ಜನರಿಗೆ ಸಲ್ಲಬೇಕಾದ ಹಣವನ್ನೇ ಕೊಟ್ಟು ದಾನಶೂರರೆನಿಸಿಕೊಂಡರು. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದನಂತೆ. ಮಾಹಿತಿ ಹಕ್ಕಿನಡಿ ಲೆಕ್ಕ ಕೇಳಿದವರಿಗೆ ಸಿಕ್ಕ ಉತ್ತರವೇನು? ಇದು ಭಾರತ ಸರಕಾರದ ನಿಧಿಯಲ್ಲ, ಆ ಕಾಯಿದೆ ಇದಕ್ಕೆ ತಾಗದು ಎಂದು 2021ರಲ್ಲಿ ದೆಹಲಿ ಹೈಕೋರ್ಟಿಗೇ ತಿಳಿಸಲಾಯಿತು. ಬೇಡುವಾಗ ಪ್ರಧಾನಿಯ ಹೆಸರು, ಲೆಕ್ಕ ಕೇಳಿದಾಗ ಖಾಸಗಿ ಗಂಟು! ನಮ್ಮೂರ ಜಾತ್ರಾ ಕಮಿಟಿಯವರು ಹೀಗೆ ಹೇಳಿದ್ದರೆ ಅವರನ್ನು ಕಟ್ಟೆಯಿಂದ ಇಳಿಸದೆ ಬಿಡುತ್ತಿದ್ದೆವೇ?

"ಉಂಡ ಮನೆಯ ಜಂತಿ ಎಣಿಸಬೇಡಿ, ಕಿಟ್ಟು ಹಂಚಿದ್ದು ತಪ್ಪೇ?" ಎಂದು ಕೆಲವರು ಕೇಳುತ್ತಾರೆ. ತಪ್ಪಲ್ಲ. ಜೀವದ ಹಂಗು ತೊರೆದು ಮನೆಮನೆಗೆ ಊಟ ಮುಟ್ಟಿಸಿದ ತರುಣರಿಗೆ ನಮ್ಮ ನಮಸ್ಕಾರ. ಬಾಗಿಲು ಮುಚ್ಚಿ ಕೂತರೂ ಉದ್ರಿ ಕೊಟ್ಟ ಕಿರಾಣಿ ಅಂಗಡಿಯವನೂ ದೊಡ್ಡ ದಾನಿಯೇ. ಅವನ ಫೋಟೋ ಮಾತ್ರ ಎಲ್ಲೂ ಬರಲಿಲ್ಲ. ನಮ್ಮ ತಕರಾರು ಹಸಿದವನ ಕೈಗೆ ಐದು ಕಿಲೋ ಅಕ್ಕಿಯಿಟ್ಟು ಹತ್ತು ಜನ ಚೀಲ ಹಿಡಿದು ಫೋಟೋ ತೆಗೆಸಿಕೊಂಡವರ ಮೇಲೆ. ಆ ಫೋಟೋ ತೋರಿಸಿ ತನ್ನ ಹೊಣೆ ತೀರಿತೆನ್ನುವ ಸರಕಾರದ ಮೇಲೆ.

ನಿಜವಾಗಿ ಜನರ ಜೀವ ಹಿಡಿದದ್ದು ಯಾವುದು? ನ್ಯಾಯಬೆಲೆ ಅಂಗಡಿಯ ಅಕ್ಕಿ ಮತ್ತು ಖಾತರಿ ಕೂಲಿ. 2020ರ ಏಪ್ರಿಲಿನಿಂದ ತಲೆಗೆ ಐದು ಕಿಲೋ ಹೆಚ್ಚುವರಿ ಧಾನ್ಯ ಬಂದದ್ದು 2013ರ ಆಹಾರ ಭದ್ರತಾ ಕಾಯಿದೆಯ ಪಡಿತರ ಚೀಟಿಗೆ. ಗುಳೆ ಹೋದವರು ಕೂಡ್ಲಿಗಿ, ಹರಪನಹಳ್ಳಿಗೆ ಮರಳಿದಾಗ ದಿನಕ್ಕೆ 275 ರೂಪಾಯಿಯ ಕೆಲಸ ಕೇಳಲು ಆಧಾರವಾದದ್ದು 2005ರ ಉದ್ಯೋಗ ಖಾತರಿ ಕಾಯಿದೆ. ಇವು ಯಾರ ದಾನವೂ ಅಲ್ಲ. ಜನ ಹೋರಾಡಿ ಬರೆಸಿಕೊಂಡ ಹಕ್ಕುಗಳು.

ಹಕ್ಕಿಲ್ಲದ ಕಡೆ ಏನಾಯಿತೆಂಬುದಕ್ಕೆ ಒಂದು ಸಣ್ಣ ಲೆಕ್ಕ. 2021ರ ಏಪ್ರಿಲ್ 27ರಿಂದ ಜೂನ್ 14ರವರೆಗೆ 48 ದಿನ ರಾಜ್ಯ ಮುಚ್ಚಿತ್ತು. ಹಮಾಲರು, ದರ್ಜಿಗಳು, ಕ್ಷೌರಿಕರು, ಬೀದಿ ವ್ಯಾಪಾರಿಗಳಿಗೆ ಸರಕಾರ ಘೋಷಿಸಿದ್ದು 2,000 ರೂಪಾಯಿ. ದಿನಕ್ಕೆ 42 ರೂಪಾಯಿಯೂ ಆಗಲಿಲ್ಲ. ಮನೆಯಲ್ಲಿ ಐದು ಜನರಿದ್ದರೆ ತಲೆಗೆ ಸುಮಾರು 8 ರೂಪಾಯಿ. ಅದಕ್ಕೂ ಅರ್ಜಿ, ಅದಕ್ಕೂ ದಾಖಲೆ. ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಕೂಲಿಕಾರ ಯಾವ ದಾಖಲೆ ತಂದಾನು?

ಇದು ಹಳೆಯ ಪಾಠ. 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ ಸೀಮೆ ಹೆಣಗಳ ಸೀಮೆಯಾಯಿತು. ಲಂಡನ್ನಿನಲ್ಲಿ ಮೇಯರರು ಚಂದಾ ಎತ್ತಿದರು. ಇಲ್ಲಿ ಅವರದೇ ಸರಕಾರ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಅಳೆಯಿತು. ಲಕ್ಷಾಂತರ ಜನ ಸತ್ತ ಮೇಲೆ 1880ರ ಆಯೋಗ ಕೂತು, ಕ್ಷಾಮ ಪರಿಹಾರ ಸರಕಾರದ ಕರ್ತವ್ಯವೆಂದು ಸಂಹಿತೆ ಬರೆಸಿತು. ಪರದೇಶಿ ಸರಕಾರ ಒಪ್ಪಬೇಕಾಗಿ ಬಂದ ಮಾತನ್ನು ನಮ್ಮವರೇ ಮರೆಯಬಹುದೇ?

ಆದ್ದರಿಂದ ಮಿಲ್ಲು ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಕೂಡಿ ಕೇಳಬೇಕಾದದ್ದು ಇಷ್ಟು. ಸರಕಾರ ದುಡಿಮೆ ನಿಲ್ಲಿಸಿದ ದಿನಗಳಿಗೆ ಜೀವನ ಭತ್ಯೆ ಕಾನೂನಿನಲ್ಲಿ ಬರಲಿ. ಬಾಗಿಲು ಮುಚ್ಚಿಸಿದ ಅಂಗಡಿಗೆ ಬಾಡಿಗೆ, ಬಡ್ಡಿಯ ವಿನಾಯಿತಿ ಸಿಗಲಿ. ಹಮಾಲ, ಹೂಗಾರ, ಕಲಾವಿದ, ಗಿರಣಿಯ ದಿನಗೂಲಿ ಎಲ್ಲರ ಹೆಸರೂ ಮುಂಚಿತವಾಗಿಯೇ ಪಂಚಾಯಿತಿಯ ಪುಸ್ತಕ ಸೇರಲಿ. ಜನರ ಹೆಸರಿನಲ್ಲಿ ಎತ್ತಿದ ನಿಧಿ ದೆಹಲಿಯದಿರಲಿ, ಹೋಬಳಿಯದಿರಲಿ, ಅದರ ಲೆಕ್ಕ ಗೋಡೆಯ ಮೇಲೆ ಬೀಳಲಿ.

ಜಾತ್ರೆಗೆ ಪಟ್ಟಿ ಕೊಡೋಣ, ನಾಟಕಕ್ಕೆ ಟಿಕೀಟು ಕೊಳ್ಳೋಣ, ನೆರೆಮನೆಯ ಹಸಿವಿಗೆ ನಮ್ಮ ಬುತ್ತಿ ಬಿಚ್ಚೋಣ. ಅದು ನಮ್ಮ ನಮ್ಮೊಳಗಿನ ಮನುಷ್ಯತ್ವ. ಆದರೆ ತೆರಿಗೆ ತೆಗೆದುಕೊಂಡ ಸರಕಾರ ಕಷ್ಟದ ದಿನ ಜೋಳಿಗೆ ಹಿಡಿದು ಬಂದರೆ, ಕಾಸು ಹಾಕುವ ಮೊದಲು ಲೆಕ್ಕ ಕೇಳೋಣ. ಮುಂದಿನ ರೋಗ ಬರುವಾಗ ಹೇಳಿ ಬರುವುದಿಲ್ಲ. ಕೇಳುವ ಕೆಲಸ ಇಂದೇ ಆಗಬೇಕು.