ಕೆಟ್ಟದ್ದು 7805 ಅಲ್ಲ

ಕೃಷ್ಣೆ ತುಂಗಭದ್ರೆಗಳ ನಡುವಿನ ನಡಿಗಡ್ಡೆಯಲ್ಲಿರುವ ಇಟಿಕ್ಯಾಲದಲ್ಲಿ, ಎಲೆಕ್ಟ್ರಾನಿಕ್ಸ್ ಕಲಿಯತೊಡಗಿದ ವಿದ್ಯಾರ್ಥಿಯೊಬ್ಬ ಮನೆಯ ನೀರಿನ ಟ್ಯಾಂಕಿಗೆ ಮಟ್ಟಸೂಚಕವೊಂದನ್ನು ಕಟ್ಟಿದನೆಂದು ಭಾವಿಸಬಹುದು. ಡಿಸೆಂಬರಿನಲ್ಲಿ ಅದು ನಿರಾತಂಕವಾಗಿ ನಡೆಯುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನವಾದೊಡನೆ ನಿಲ್ಲುತ್ತದೆ, ತುಸು ಹೊತ್ತಿಗೆ ತಾನೇ ಏಳುತ್ತದೆ, ಮತ್ತೆ ನಿಲ್ಲುತ್ತದೆ. ಅನುಮಾನವೆಲ್ಲ 5 ವೋಲ್ಟ್ ಒದಗಿಸುವ ಮೂರು ಕಾಲಿನ 7805 ರೆಗ್ಯುಲೇಟರಿನ ಮೇಲೆ. ರಾಯಚೂರಿಗೋ ಕರ್ನೂಲಿಗೋ ಹೋಗಿ ಹೊಸದನ್ನು ತಂದು ಬೆಸೆದರೆ ಅದೂ ಹಾಗೆಯೇ ವರ್ತಿಸುತ್ತದೆ. ಆಗ ಹಲಗೆ ಅಟ್ಟವನ್ನೇರುತ್ತದೆ. ಹುಡುಗನ ಉತ್ಸಾಹವೂ ಅದರ ಹಿಂದೆಯೇ.

7805 ತನಗೆ ಬಂದ ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುತ್ತದೆ, ಬೇರೆ ಉಪಾಯ ಅದಕ್ಕಿಲ್ಲ. 9 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇರುವ ಸಾಮಾನ್ಯ ಜೋಡಣೆಯಿಂದ ಮಂಡಲವು 300 ಮಿಲಿಆಂಪಿಯರ್ ಸೆಳೆದರೆ ರೆಗ್ಯುಲೇಟರಿಗೆ ಸರಾಸರಿ 9.8 ವೋಲ್ಟ್ ತಲುಪುತ್ತದೆ. ಕಳೆಯಬೇಕಾದ ಶಾಖ ಸುಮಾರು 1.4 ವ್ಯಾಟ್. ಶಾಖಹಾರಿ ತಗಡಿಲ್ಲದ 7805 ಪ್ರತಿ ವ್ಯಾಟಿಗೆ 65 ಡಿಗ್ರಿಯಷ್ಟು ಏರುವುದರಿಂದ ಒಳಗಿನ ಬಿಸಿ ಸುತ್ತಲಿನ ಗಾಳಿಗಿಂತ 90 ಡಿಗ್ರಿಗೂ ಮೇಲಿರುತ್ತದೆ. ಗಾಳಿ 25 ಡಿಗ್ರಿಯಿದ್ದರೆ 125ರ ಮಿತಿಯೊಳಗೆ ಹೇಗೋ ನಡೆದೀತು. ಬೇಸಿಗೆಯ 42 ಡಿಗ್ರಿಯಲ್ಲಿ ಮಿತಿ ದಾಟುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಾಳಿಯೇ 55ಕ್ಕೇರಿದರೆ 150ರ ಆಸುಪಾಸಿಗೆ ಮುಟ್ಟಿ, ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಹೋಗುತ್ತದೆ. ತಣಿದ ಮೇಲೆ ಮತ್ತೆ ಏಳುತ್ತದೆ. ಪುಸ್ತಕಗಳ ಲೆಕ್ಕಗಳು ಬಹುಪಾಲು 25 ಡಿಗ್ರಿಗೇ ಬರೆದವು. ನಡಿಗಡ್ಡೆಯ ಮೇ ತಿಂಗಳು ಅವಕ್ಕೆ ಗೊತ್ತಿಲ್ಲ.

ಸಂಜೆ ಅಥವಾ ರಾತ್ರಿ ಹೊಲಗಳ ಪಂಪುಗಳು ಒಟ್ಟಿಗೆ ಶುರುವಾದಾಗಲೇ ಮಂಡಲ ನಿಲ್ಲುವುದಾದರೆ ಕಾರಣ ಬೇರೆ, ಇದಕ್ಕೆ ತಂಪು ಗಾಳಿ ಮದ್ದಲ್ಲ. 230 ಇರಬೇಕಾದ ಕರೆಂಟು 190 ವೋಲ್ಟಿಗೆ ಇಳಿದರೆ ಕೆಪ್ಯಾಸಿಟರಿನ ಮೇಲಿನ ಏರಿಳಿತದ ತುದಿ 9 ವೋಲ್ಟಾದರೂ ತಳ 6ಕ್ಕೆ ಬೀಳುತ್ತದೆ. 7805ಕ್ಕೆ ಕನಿಷ್ಠ 7 ಬೇಕು. ಕುತೂಹಲದ ಸಂಗತಿಯೆಂದರೆ ಮೀಟರು ಆಗಲೂ ಏಳೂವರೆ ತೋರಿಸುತ್ತದೆ, ಏಕೆಂದರೆ ಅದು ಸರಾಸರಿಯನ್ನಷ್ಟೇ ಬಲ್ಲದು. ಸೆಕೆಂಡಿಗೆ ನೂರು ಸಲ ಬರುವ ತಳ ಅದರ ಕಣ್ಣಿಗೆ ಬೀಳದು. 1000ದ ಬದಲು 2200 ಮೈಕ್ರೋಫ್ಯಾರಡ್ ಹಾಕಿದರೆ ತಳ ಏಳೂವರೆಯ ಮೇಲೇರುತ್ತದೆ. ಅಂಗಡಿಯಲ್ಲಿ ಕೇಳಬೇಕಾದದ್ದು ಹೊಸ ರೆಗ್ಯುಲೇಟರ್ ಅಲ್ಲ, ದೊಡ್ಡ ಕೆಪ್ಯಾಸಿಟರ್.

ಆದ್ದರಿಂದ ಬೆಸುಗೆ ಕಡ್ಡಿ ಹಿಡಿಯುವ ಮೊದಲು, ಮಂಡಲ ನಿಂತಿರುವ ಹೊತ್ತಿನಲ್ಲೇ, ಮೀಟರಿನ ಕಪ್ಪು ತಂತಿಯನ್ನು ನಡುವಿನ ಕಾಲಿಗೆ ಹಿಡಿದು ಮೊದಲು ಒಳಬರುವ ವೋಲ್ಟೇಜನ್ನೂ ನಂತರ ಹೊರಹೋಗುವುದನ್ನೂ ಅಳೆಯಬೇಕು. ಒಳಗೆ 10 ಇದ್ದು ಹೊರಗೆ ಇಲ್ಲದಿದ್ದರೆ, ಬಿಸಿ ಅಥವಾ ಮುಂದಿನ ಮಂಡಲದಲ್ಲಿ ಶಾರ್ಟ್. ಮುಂದಿನ ತಂತಿಯನ್ನು ಬಿಡಿಸಿ, ತಣಿದ ಮೇಲೆ ಅಳೆದಾಗ 5 ಬಂದರೆ 7805 ನಿರಪರಾಧಿ. ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ಬೇಡ: 100 ಡಿಗ್ರಿಯ ಲೋಹ ಚರ್ಮ ಸುಡುತ್ತದೆ. ಟ್ರಾನ್ಸ್‌ಫಾರ್ಮರಿನ 230 ವೋಲ್ಟಿನ ಬದಿಯನ್ನು ಟೇಪು ಸುತ್ತಿ ಮುಚ್ಚಿಟ್ಟು, ಕೈ ಎಂದೂ ಆ ಕಡೆ ಹೋಗಬಾರದು. ಅದು ಕಲಿಯುವ ಜಾಗವಲ್ಲ.

ಅಕ್ಷರಗಳು ತನ್ನೆಡೆ ಇರುವಂತೆ ಹಿಡಿದಾಗ 7805ರ ಕಾಲುಗಳು ಎಡದಿಂದ ಒಳಬರುವುದು, ನೆಲ, ಹೊರಹೋಗುವುದು. ಅದೇ ರೂಪದ ಎಲ್‌ಎಂ 317ರಲ್ಲಿ ಈ ಕ್ರಮವೇ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದವರು ಕಡಿಮೆಯಿಲ್ಲ. ಬಿಸಿಯೇ ಕಾರಣವೆಂದು ಖಚಿತವಾದರೆ ಅಂಗೈಯಷ್ಟು ಅಲ್ಯೂಮಿನಿಯಂ ತಗಡನ್ನು ಬೆನ್ನಿಗೆ ತಿರುಪಿನಿಂದ ಬಿಗಿದು, ಡಬ್ಬಿಯ ಮೇಲೆ ಕೆಳಗೆ ರಂಧ್ರ ಕೊರೆದರೆ ಸಾಕು. ಏರಿಕೆ ವ್ಯಾಟಿಗೆ 20 ಡಿಗ್ರಿಗಿಳಿದರೂ ಅದೇ ಮಂಡಲ 42ರ ಮಧ್ಯಾಹ್ನದಲ್ಲಿ 71ರ ಸುತ್ತ ನಿಲ್ಲುತ್ತದೆ.