ಮೇಜಿನ ಆಚೆ ಬದಿಯಲ್ಲೂ ನಮ್ಮ ಮಕ್ಕಳು ಕೂರಲಿ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮೊಹಲ್ಲಾಗಳಲ್ಲಿ ನಡೆಯುವ ಮಾತುಕತೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮಾರ್ಕು ಜಾಸ್ತಿ ಬಂದರೆ ಮೆಡಿಕಲ್, ಸ್ವಲ್ಪ ಕಡಿಮೆಯಾದರೆ ಇಂಜಿನಿಯರಿಂಗ್, ಅದೂ ಆಗದಿದ್ದರೆ ಬಿಕಾಂ. ಬಿಕಾಂ ಆದ ಹುಡುಗ ಅಕೌಂಟೆಂಟ್ ಆಗುತ್ತಾನೆ, ಇಲ್ಲವೇ ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತುತ್ತಾನೆ. ಹುಡುಗಿಯಾದರೆ ಬಿಎಡ್, ಅದೂ ಅಷ್ಟರೊಳಗೆ ಮದುವೆ ನಿಶ್ಚಯವಾಗದಿದ್ದರೆ. "ಬೇರೆ ಎಂತ ಉಂಟು ಉಸ್ತಾದರೇ?" ಎಂದು ಕೇಳುವ ಹೆತ್ತವರು ನಮಗೆ ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಬೇರೆ ಬಹಳ ಉಂಟು. ಅದರಲ್ಲಿ ನಾವು ಬಹುತೇಕ ತಿರುಗಿಯೂ ನೋಡದ ಒಂದು ದಾರಿಯ ಬಗ್ಗೆ ಇಲ್ಲಿ ಹೇಳಬೇಕೆನಿಸಿದೆ. ಅದು ಮಾನವ ಸಂಪನ್ಮೂಲ, ಅಂದರೆ ಎಲ್ಲರ ಬಾಯಲ್ಲಿರುವ ಎಚ್‌ಆರ್.

ಎಚ್‌ಆರ್ ಎಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಎಸಿ ಕೋಣೆ, ಟೈ, ಸಂದರ್ಶನಕ್ಕೆ ಕೂತವನನ್ನು ನಾಲ್ಕು ಪ್ರಶ್ನೆ ಕೇಳಿ ಕಳಿಸುವ ಮನುಷ್ಯ. ಆ ಕೆಲಸದ ಕಾಲು ಭಾಗವೂ ಅದಲ್ಲ. ಒಬ್ಬ ನೌಕರ ಗೇಟಿನೊಳಗೆ ಬಂದ ದಿನದಿಂದ ಹೊರಗೆ ಹೋಗುವ ದಿನದವರೆಗೆ ಅವನಿಗೆ ಸೇರಬೇಕಾದ ಲೆಕ್ಕ ಎಲ್ಲ ಆ ಮೇಜಿನ ಮೇಲೆಯೇ ಆಗುವುದು. ನೇಮಕಾತಿ ಪತ್ರ, ಹಾಜರಿ, ರಜೆ, ಸಂಬಳದ ಪಟ್ಟಿ, ಪಿಎಫ್, ಇಎಸ್‌ಐ, ತರಬೇತಿ, ದೂರು, ಶಿಸ್ತು ಕ್ರಮ, ಕೊನೆಗೆ ಗ್ರಾಚ್ಯುಟಿ. ಇದೆಲ್ಲ ಸರಿಯಾಗಿ ನಡೆದರೆ ಯಾರಿಗೂ ಎಚ್‌ಆರ್ ನೆನಪಾಗುವುದಿಲ್ಲ. ಸರಿಯಾಗಿ ನಡೆಯದಿದ್ದರೆ ಒಂದು ಮನೆಯ ಒಲೆಯೇ ಉರಿಯುವುದಿಲ್ಲ.

ನಾವು ಈ ಮೇಜಿನ ಮುಂದೆ ಸಾಲಿನಲ್ಲಿ ನಿಂತು ಅಭ್ಯಾಸ ಇರುವವರು. ಬಂದರು, ಜವಳಿ ಅಂಗಡಿ, ಸೂಪರ್‌ಮಾರ್ಕೆಟ್, ಹೋಟೆಲ್, ಗೇರುಬೀಜ ಫ್ಯಾಕ್ಟರಿ, ಬೀಡಿ ಬ್ರಾಂಚ್, ಗಲ್ಫ್‌ನ ಕ್ಯಾಂಪು, ಎಲ್ಲ ಕಡೆ ನಮ್ಮವರು ದುಡಿದಿದ್ದಾರೆ. ಮೇಜಿನ ಆಚೆ ಬದಿಯಲ್ಲಿ ಕೂತು ಲೆಕ್ಕ ಬರೆಯುವವರು ನಮ್ಮಲ್ಲಿ ಬೆರಳೆಣಿಕೆ. ಇದರಿಂದ ಆಗುವ ನಷ್ಟ ಎಷ್ಟು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ.

10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗೂ ಗ್ರಾಚ್ಯುಟಿ ಕಾನೂನು ಅನ್ವಯಿಸುತ್ತದೆ. 5 ವರ್ಷ ಸತತ ಸೇವೆ ಮಾಡಿದವನಿಗೆ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಲೆಕ್ಕ. ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ. ಲೆಕ್ಕಕ್ಕೆ ಹಿಡಿಯುವ ಕೊನೆಯ ಸಂಬಳ 13,000 ರೂಪಾಯಿ ಇದ್ದವನಿಗೆ ವರ್ಷಕ್ಕೆ 7,500 ರೂಪಾಯಿ ಆಯಿತು. 10 ವರ್ಷ ದುಡಿದಿದ್ದರೆ 75,000. ನಮ್ಮ ಎಷ್ಟು ಹುಡುಗರು 10 ವರ್ಷ ಒಂದೇ ಅಂಗಡಿಯಲ್ಲಿ ನಿಂತು, ಕೊನೆಗೆ ಧಣಿ ಕೊಟ್ಟ ಒಂದು ಜೊತೆ ಬಟ್ಟೆ ಮತ್ತು 5,000 ರೂಪಾಯಿ ತೆಗೆದುಕೊಂಡು ಸಲಾಂ ಹೇಳಿ ಬಂದಿಲ್ಲ? ಧಣಿ ಕೆಟ್ಟವನೇ ಆಗಿರಬೇಕೆಂದಿಲ್ಲ. ಅವನಿಗೂ ಗೊತ್ತಿರುವುದಿಲ್ಲ, ಇವನಿಗೂ ಗೊತ್ತಿರುವುದಿಲ್ಲ. ಗೊತ್ತಿರುವ ಒಬ್ಬ ಮನುಷ್ಯ ಆ ಅಂಗಡಿಯಲ್ಲಿ ಇರಲಿಲ್ಲ, ಅಷ್ಟೇ.

ಪಿಎಫ್ ಕಥೆಯೂ ಹಾಗೆಯೇ. ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆಯ 12% ಕಡಿತವಾಗುತ್ತದೆ, ಮಾಲಕನೂ 12% ಹಾಕಬೇಕು. ಮಾಲಕನ ಆ ಪಾಲಿನಲ್ಲಿ 8.33% ಪೆನ್ಶನ್‌ಗೆ ಹೋಗುತ್ತದೆ. 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಉಂಟು. ನೌಕರ ಕೊಡುವುದು 0.75%, ಮಾಲಕ ಕೊಡುವುದು 3.25%. ಅಷ್ಟಕ್ಕೆ ಮನೆಯವರಿಗೆಲ್ಲ ಚಿಕಿತ್ಸೆ. ಆದರೆ ಬೀಡಿ ಕಟ್ಟಿ ಬೆನ್ನು ಬಾಗಿದ ನಮ್ಮ ಉಮ್ಮಂದಿರಲ್ಲಿ ಪಿಎಫ್ ಹಣಕ್ಕಾಗಿ ಅಲೆದವರನ್ನು ಕೇಳಿ ನೋಡಿ. ದಾಖಲೆಯಲ್ಲಿ ಬೀಫಾತಿಮ, ಆಧಾರ್‌ನಲ್ಲಿ ಬೀಪಾತುಮ್ಮ, ಬ್ಯಾಂಕಿನಲ್ಲಿ ಫಾತಿಮ ಬಿ. ಗಂಡಸರಲ್ಲಿ ಮಹಮ್ಮದ್, ಮೊಹಮ್ಮದ್, ಮುಹಮ್ಮದ್ ಮೂರೂ ಒಬ್ಬನೇ ಮನುಷ್ಯ. ಇದು ನಮಗೆ ತಮಾಷೆಯಾಗಿ ಕಾಣಬಹುದು, ಕಂಪ್ಯೂಟರಿಗೆ ಮೂವರು ಬೇರೆ ಬೇರೆ ಜನ. ಸೇರುವ ದಿನವೇ ಹೆಸರನ್ನು ಆಧಾರ್‌ಗೆ ತಾಳೆ ನೋಡಿ ಬರೆಯುವ ಒಬ್ಬ ಎಚ್‌ಆರ್ ಗುಮಾಸ್ತ ಇದ್ದಿದ್ದರೆ ಮುಪ್ಪಿನಲ್ಲಿ ಈ ಅಲೆದಾಟ ಇರುತ್ತಿರಲಿಲ್ಲ. ನಮ್ಮ ಮನೆಗಳ ಹೆಸರಿನ ಗೊಂದಲ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು?

ಈ ವೃತ್ತಿಯ ಬೇರನ್ನೂ ಸ್ವಲ್ಪ ತಿಳಿಯಬೇಕು. ಮೊದಲಿಗೆ ಇದಕ್ಕೆ ಲೇಬರ್ ಆಫೀಸರ್, ವೆಲ್ಫೇರ್ ಆಫೀಸರ್ ಎಂಬ ಹೆಸರುಗಳಿದ್ದವು. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ವೆಲ್ಫೇರ್ ಆಫೀಸರ್ ಇರಲೇಬೇಕು ಎಂದು ಬರೆದರು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದ್ದಾರೆ. ಹಾಗಾಗಿಯೇ ಇಂದಿಗೂ ಸಮಾಜಕಾರ್ಯ ಓದಿದವರು, ಅಂದರೆ ಎಂಎಸ್‌ಡಬ್ಲ್ಯೂ ಆದವರು, ಎಚ್‌ಆರ್ ಕೆಲಸಕ್ಕೆ ಹೋಗುವುದು. ದೇಶದಲ್ಲಿ ಈ ವಿಷಯಕ್ಕೆ ಹೆಸರಾದ ಮುಂಬೈಯ ಟಾಟಾ ಸಂಸ್ಥೆ 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿಯೇ ಆರಂಭವಾದದ್ದು. ನಮ್ಮ ಮಂಗಳೂರಿನ ರೋಶನಿ ನಿಲಯವೂ 1960ರಿಂದ ಸಮಾಜಕಾರ್ಯ ಕಲಿಸುತ್ತಾ ಬಂದಿದೆ. ಮನುಷ್ಯರ ಕಷ್ಟ ಕೇಳುವ ವಿದ್ಯೆಯೇ ಈ ಕೆಲಸದ ತಳಪಾಯ.

ದಾರಿ ಹೇಗೆ? ಪಿಯುಸಿಯಲ್ಲಿ ಯಾವ ವಿಭಾಗ ಓದಿದರೂ ತೊಂದರೆ ಇಲ್ಲ. ಅದಾದ ಮೇಲೆ ಬಿಬಿಎ, ಬಿಕಾಂ, ಬಿಎಸ್‌ಡಬ್ಲ್ಯೂ, ಅಥವಾ ಬಿಎ. ಡಿಗ್ರಿ ಆದ ಮೇಲೆ ಎರಡು ವರ್ಷದ ಎಂಬಿಎಯಲ್ಲಿ ಎಚ್‌ಆರ್ ಆಯ್ದುಕೊಳ್ಳಬಹುದು, ಕರ್ನಾಟಕದಲ್ಲಿ ಅದಕ್ಕೆ ಪಿಜಿಸಿಇಟಿ ಬರೆಯಬೇಕು. ಇಲ್ಲವಾದರೆ ಎಂಎಸ್‌ಡಬ್ಲ್ಯೂ ಮಾಡಿ ಅದರಲ್ಲಿ ಎಚ್‌ಆರ್ ವಿಭಾಗ ತೆಗೆದುಕೊಳ್ಳಬಹುದು. ತುಂಬಾ ಚುರುಕಾದ ಮಕ್ಕಳು ಮುಂಬೈಯ ಟಾಟಾ ಸಂಸ್ಥೆ, ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಕಡೆಗೂ ಕಣ್ಣು ಹಾಯಿಸಲಿ, ಯಾಕೆ ಹಾಯಿಸಬಾರದು? ಮನೆಯ ಪರಿಸ್ಥಿತಿಯಿಂದ ಡಿಗ್ರಿಗೇ ನಿಂತವರು ಒಂದು ಕಂಪನಿಯ ಕಚೇರಿಯಲ್ಲಿ ಸೇರಿ, ಕೆಲಸ ಮಾಡುತ್ತಲೇ ಇಗ್ನೋದ ದೂರಶಿಕ್ಷಣದಲ್ಲಿ ಎಚ್‌ಆರ್ ಡಿಪ್ಲೊಮಾ ಮಾಡಬಹುದು. ಬೈಕಂಪಾಡಿಯ ಕೈಗಾರಿಕೆಗಳು, ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳು, ಕಾಲೇಜುಗಳು, ಮುಡಿಪುವಿನಿಂದ ಬೆಂಗಳೂರಿನವರೆಗಿನ ಐಟಿ ಕಂಪನಿಗಳು, ಎಲ್ಲ ಕಡೆ ಈ ವಿಭಾಗ ಉಂಟು.

ಇನ್ನೊಂದು ಬಂಡವಾಳ ನಮ್ಮ ಮಕ್ಕಳಿಗೆ ಖರ್ಚಿಲ್ಲದೆ ಸಿಕ್ಕಿದೆ, ಅದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆಯಲ್ಲಿ ಬ್ಯಾರಿ, ಮಾರ್ಕೆಟಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಡಿಯ ಸಹವಾಸದಿಂದ ಮಲಯಾಳಂ, ಜೊತೆಗೆ ಅಷ್ಟಿಷ್ಟು ಹಿಂದಿ. ಇಂದು ನಮ್ಮ ಕರಾವಳಿಯ ಫ್ಯಾಕ್ಟರಿಗಳಲ್ಲಿ, ಮೀನಿನ ಕೆಲಸದಲ್ಲಿ ಒಡಿಶಾ, ಬಿಹಾರ, ಅಸ್ಸಾಂನಿಂದ ಬಂದವರೂ ದುಡಿಯುತ್ತಿದ್ದಾರೆ. ಐದು ಭಾಷೆಯಲ್ಲಿ "ಊಟ ಆಯ್ತಾ, ಸಂಬಳ ಬಂತಾ?" ಎಂದು ಕೇಳಬಲ್ಲ ಎಚ್‌ಆರ್ ಒಬ್ಬನ ಬೆಲೆ ಆ ಕಂಪನಿಗೇ ಗೊತ್ತು. ಇದರ ಮೇಲೆ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಒಂದು ಪತ್ರ ಬರೆಯಲು, ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ತುಂಬಲು ಕಲಿಯಬೇಕು. ಈ ಎರಡು ಮಾತ್ರ ಹಣ, ಸಮಯ ಕೊಟ್ಟು ಕಲಿಯಬೇಕಾದದ್ದು.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಡಿಗ್ರಿಯಲ್ಲಿ ಒಳ್ಳೆಯ ಮಾರ್ಕು ತೆಗೆದ ಎಷ್ಟೋ ಮಕ್ಕಳ ಸರ್ಟಿಫಿಕೇಟು ಕಪಾಟಿನಲ್ಲಿ ಮಡಚಿ ಕೂತಿದೆ. 2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಎಲ್ಲ ಸಂಸ್ಥೆಗಳಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಆ ಸಂಸ್ಥೆಯ ಹಿರಿಯ ಮಹಿಳಾ ಉದ್ಯೋಗಿಯೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಮೊದಲ ಎರಡು ಮಕ್ಕಳಿಗೆ 26 ವಾರದ ಹೆರಿಗೆ ರಜೆ 2017ರಿಂದ ಇದೆ. ಇದನ್ನು ಕೇಳಲು ನಾಚುವ ಹುಡುಗಿಗೆ ಎದುರಿನ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದರೆ ಬಾಯಿ ಬರುತ್ತದೆ. ನಮ್ಮ ಮಕ್ಕಳು ಕೆಲಸಕ್ಕೆ ಹೋಗುವ ಜಾಗ ಸುರಕ್ಷಿತವಾಗಿರಬೇಕೆಂದು ನಾವೆಲ್ಲ ಬಯಸುತ್ತೇವೆ. ಅದನ್ನು ಸುರಕ್ಷಿತ ಮಾಡುವ ಕೆಲಸಕ್ಕೇ ಅವರನ್ನು ಕಳಿಸಲು ಹಿಂಜರಿದರೆ ಹೇಗೆ?

ಗಲ್ಫ್ ಎಂಬ ಮಾತು ಬರದೆ ನಮ್ಮ ಚರ್ಚೆ ಮುಗಿಯುವುದಿಲ್ಲ. ಒಂದು ವಿಷಯ ಸ್ಪಷ್ಟ ಇರಲಿ, ಸೌದಿಗೆ ಎಚ್‌ಆರ್ ಮ್ಯಾನೇಜರ್ ಆಗಿ ಹೋಗುತ್ತೇನೆ ಎಂದು ಯಾರೂ ಎಂಬಿಎ ಮಾಡುವುದು ಬೇಡ. ಅಲ್ಲಿ ಎಚ್‌ಆರ್‌ನ ಹಲವು ಹುದ್ದೆಗಳು ಸೌದಿ ಪ್ರಜೆಗಳಿಗೇ ಮೀಸಲು. ಒಮಾನ್ ಕೂಡ 2018ರಲ್ಲಿ ಈ ವಿಭಾಗದಲ್ಲಿ ಹೊರದೇಶದವರ ವೀಸಾಕ್ಕೆ ತಡೆ ಹಾಕಿತ್ತು. ಯುಎಇಯಲ್ಲಿ ಅವಕಾಶ ಇದ್ದರೂ ಅಲ್ಲೂ ಸ್ವದೇಶಿಗಳ ಪಾಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಆದರೆ ಈ ವಿದ್ಯೆ ಗಲ್ಫ್‌ಗೆ ಹೋಗುವ ನಮ್ಮ ಉಳಿದ ಹುಡುಗರಿಗೆ ಬೇಕು. ಏಜೆಂಟ್ ಕೇಂದ್ರ ಸರಕಾರದ ಇ-ಮೈಗ್ರೇಟ್‌ನಲ್ಲಿ ನೋಂದಣಿ ಆದವನಾ, ಇಲ್ಲಿ ಸಹಿ ಹಾಕಿದ ಒಪ್ಪಂದವೂ ಅಲ್ಲಿ ಕೊಡುವ ಒಪ್ಪಂದವೂ ಒಂದೇನಾ, ಮೂಲ ವೇತನ ಎಷ್ಟು, ಭತ್ಯೆ ಎಷ್ಟು? ಯುಎಇಯಲ್ಲಿ ಸೇವೆಯ ಕೊನೆಗೆ ಸಿಗುವ ಗ್ರಾಚ್ಯುಟಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲ ವೇತನ. ಒಟ್ಟು ಸಂಬಳ ದೊಡ್ಡದು, ಮೂಲ ವೇತನ ಚಿಕ್ಕದು ಎಂದು ಬರೆದ ಕಾಗದಕ್ಕೆ ಸಹಿ ಹಾಕಿದವನು 15 ವರ್ಷದ ಮೇಲೆ ಅಳುತ್ತಾನೆ. ಊರಿನಲ್ಲಿ ಇದನ್ನು ಓದಿ ಹೇಳುವ ಒಬ್ಬ ಹುಡುಗ ಇದ್ದರೆ ಹತ್ತು ಮನೆ ಉಳಿದೀತು.

ಬರೀ ಹೊಗಳಿ ಮಾತು ಮುಗಿಸಿದರೆ ಅದು ನ್ಯಾಯವಲ್ಲ. ಎಚ್‌ಆರ್‌ನವನು ಸಂಬಳ ಪಡೆಯುವುದು ಮಾಲಕನಿಂದ. ಕೆಲಸದಿಂದ ತೆಗೆಯುವ ಪತ್ರವನ್ನೂ ಅವನೇ ಕೊಡಬೇಕಾಗುತ್ತದೆ. ಎದುರಿಗೆ ಕೂತವನು ಅತ್ತರೂ ಕೊಡಬೇಕಾಗುತ್ತದೆ. ಎಷ್ಟೋ ಸಣ್ಣ ಕಚೇರಿಗಳಲ್ಲಿ ಎಚ್‌ಆರ್ ಎಂಬುದು ಹೆಸರಿಗೆ ಮಾತ್ರ, ಕೆಲಸ ದಿನವಿಡೀ ಫೋನು ಮಾಡಿ ಅಭ್ಯರ್ಥಿಗಳನ್ನು ಕರೆಯುವುದು. ಆರಂಭದ ಸಂಬಳ ಕಡಿಮೆಯೇ ಇರುತ್ತದೆ. ಎಚ್‌ಆರ್ ಕೆಲಸ ಕೊಡಿಸುತ್ತೇವೆ ಎಂದು ಮೊದಲೇ ಹಣ ಕೇಳುವವರ ಬಾಗಿಲಿನಿಂದ ತಿರುಗಿ ಬರುವುದು ಒಳ್ಳೆಯದು. ಜನರ ಮಾತು ಕೇಳುವ ತಾಳ್ಮೆ ಇಲ್ಲದವರು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳದಿದ್ದರೆ ನಿದ್ದೆ ಬಾರದವರು ಈ ಕಡೆ ಬರುವುದೇ ಬೇಡ. ಸಾವಿರ ಜನರ ಸಂಬಳ, ಕಾಯಿಲೆ, ದೂರು ಎಲ್ಲ ಅವರ ಕೈಯಲ್ಲಿರುತ್ತದೆ. ಅದು ಅಮಾನತ್.

ಇನ್ನೊಂದು ಆಸೆಯನ್ನೂ ಈಗಲೇ ಕಿತ್ತು ಹಾಕೋಣ. "ನಮ್ಮವನೊಬ್ಬ ಎಚ್‌ಆರ್ ಆದರೆ ನಮ್ಮ ಹುಡುಗರಿಗೆಲ್ಲ ಕೆಲಸ" ಎಂಬ ಮಾತು ಕೇಳಿಬರುತ್ತದೆ. ಹಾಗೆ ಆಗಬಾರದು. ಹೆಸರು ನೋಡಿ ಅರ್ಜಿ ಬದಿಗೆ ಸರಿಸಿದರೆ ನಮಗೆ ನೋವಾಗುತ್ತದೆ ಅಲ್ಲವಾ? ಹೆಸರು ನೋಡಿ ಅರ್ಜಿ ಮೇಲಕ್ಕೆ ಇಟ್ಟರೂ ಅದು ಇನ್ನೊಬ್ಬ ಬಡವನ ಮಗನಿಗೆ ಅಷ್ಟೇ ಅನ್ಯಾಯ. ನಮ್ಮ ಮಕ್ಕಳು ಆ ಕುರ್ಚಿಯಲ್ಲಿ ಕೂತರೆ ಅರ್ಜಿಯನ್ನು ಅರ್ಹತೆಯಿಂದ ನೋಡಲಿ, ಸಂಬಳವನ್ನು ಹೊತ್ತಿಗೆ ಸರಿಯಾಗಿ ಹಾಕಲಿ, ಯಾರ ಲೆಕ್ಕದಲ್ಲೂ ಒಂದು ರೂಪಾಯಿ ಕಡಿಮೆ ಬರೆಯದಿರಲಿ. ಆ ಕಂಪನಿಯ ಕೊರಗಪ್ಪನಿಗೂ, ಲೋಬೊನಿಗೂ, ಇಬ್ರಾಹಿಮನಿಗೂ ಒಂದೇ ಲೆಕ್ಕ ಸಿಗಲಿ. ನಮ್ಮವರ ಬಗ್ಗೆ ಹೊರಗಿನವರಲ್ಲಿ ವಿಶ್ವಾಸ ಹುಟ್ಟಲು ಇದಕ್ಕಿಂತ ಒಳ್ಳೆಯ ಭಾಷಣ ಬೇಕಾಗಿಲ್ಲ.

ಇದು ಈಗಲೇ ಯಾಕೆ ಎಂದರೆ, ಕಾನೂನೇ ಬದಲಾಗಿದೆ. ಹಳೆಯ 29 ಕಾರ್ಮಿಕ ಕಾನೂನುಗಳನ್ನು 4 ಸಂಹಿತೆಗಳಾಗಿ ಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ನೌಕರನಿಗೆ ನೇಮಕಾತಿ ಪತ್ರ ಕೊಡಬೇಕು, ಮಾಸಿಕ ಸಂಬಳ ಮುಂದಿನ ತಿಂಗಳು 7 ದಿನ ಮುಗಿಯುವುದರೊಳಗೆ ಆಗಬೇಕು, ಕೆಲಸ ಬಿಟ್ಟವನ ಬಾಕಿ ಸಂಬಳ 2 ಕೆಲಸದ ದಿನದೊಳಗೆ ಕೊಡಬೇಕು ಎಂದು ಅದರಲ್ಲಿದೆ. ಈ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಆಕ್ಷೇಪವೂ ಇದೆ, ಅದು ಬೇರೆ ಚರ್ಚೆ. ಹಳೆಯದನ್ನು ಬಾಯಿಪಾಠ ಮಾಡಿದವರೂ ಹೊಸದನ್ನು ಮೊದಲಿನಿಂದ ಓದಬೇಕಾದ ಕಾಲ ಇದು. ಈಗ ಕಲಿಯಲು ಶುರು ಮಾಡಿದವನು ಯಾರಿಗಿಂತಲೂ ಬಹಳ ಹಿಂದೆ ಇರುವುದಿಲ್ಲ.

ಜಮಾಅತ್‌ಗಳು ಒಂದು ಸಣ್ಣ ಕೆಲಸ ಮಾಡಲಿ. ಪರೀಕ್ಷೆ ಮುಗಿದ ರಜೆಯಲ್ಲಿ ಒಂದು ಭಾನುವಾರ ಮದ್ರಸ ಹಾಲ್‌ನಲ್ಲಿ ಪಿಯುಸಿ ಮಕ್ಕಳನ್ನೂ, ಹೆತ್ತವರನ್ನೂ ಕೂರಿಸಿ. ಎಚ್‌ಆರ್‌ನಲ್ಲಿ ಕೆಲಸ ಮಾಡುವ ಒಬ್ಬರನ್ನು ಕರೆಸಿ, ಅವರು ಯಾವ ಸಮುದಾಯದವರಾದರೂ ಆಗಬಹುದು. ಭಾಷಣ ಬೇಡ. ಬಂದವರು ತಮ್ಮ ತಮ್ಮ ಸಂಬಳದ ಚೀಟಿ ತರಲಿ, ಅದರಲ್ಲಿ ಯಾವ ಸಾಲು ಎಂತ ಎಂದು ಓದಿ ಹೇಳಲಿ. ಚೀಟಿಯೇ ಇಲ್ಲದವರು ಎಷ್ಟು ಜನ ಎಂಬುದೂ ಅಂದು ಗೊತ್ತಾಗುತ್ತದೆ. ಆ ಸಭೆಯಲ್ಲಿ ತಂದೆಯ ಚೀಟಿ ಹಿಡಿದು "ಇದು ಯಾಕೆ ಕಡಿಮೆ ಉಂಟು?" ಎಂದು ಕೇಳುವ ಮಗು ಇದ್ದರೆ, ಅದನ್ನು ಎಂಎಸ್‌ಡಬ್ಲ್ಯೂಗೋ ಎಂಬಿಎಗೋ ಕಳಿಸುವ ಜವಾಬ್ದಾರಿಯನ್ನು ನಾವೆಲ್ಲ ಸೇರಿ ಹೊರೋಣ.