ಉಪ್ಪಿನಕಾಯಿಗೆ ಬ್ಯೂಟಿ ಕಾಂಟೆಸ್ಟ್ ಯಾಕೆ? (ಭಾಗ 3)

ಮೊದಲ ಫೋಟೋ ಬೇಗ ಸ್ವೈಪ್ ಮಾಡ್ಬೇಡಿ. ಸುಕ್ಕುಗಟ್ಟಿದ ಆ ಮಿಡಿ ನಮ್ಮಜ್ಜಿ ಹೋದ ವರ್ಷ ಹಾಕಿದ್ದು. ಊರ ಮೇಳದ ಉಪ್ಪಿನಕಾಯಿ ಸ್ಪರ್ಧೆಯಲ್ಲಿ ಇದಕ್ಕೆ ಸಮಾಧಾನಕರ ಬಹುಮಾನವೂ ಇಲ್ಲ. ಗೆದ್ದದ್ದು ಎರಡನೇ ಫೋಟೋ: ಕ್ಯಾರೆಟ್ ಗುಲಾಬಿ, ಸೌತೆಕಾಯಿ ನವಿಲು, ನಡುವೆ ಹಿಂದಿನ ದಿನ ಕಲಸಿದ ಮಾವಿನ ಹೋಳು.

ಗೆದ್ದ ಅಕ್ಕನ ಮೇಲೆ ನಂಗೆ ಕೋಪ ಇಲ್ಲ (ನವಿಲು ನಿಜಕ್ಕೂ ಚೆನ್ನಾಗಿತ್ತು). ಕೋಪ ಇರೋದು ನಿಯಮದ ಮೇಲೆ. ಅಂಕಪಟ್ಟಿಯಲ್ಲಿ ಅಲಂಕಾರ ಇದೆ, ಬಾಳಿಕೆ ಇಲ್ಲ!

ಅಪ್ಪೆಮಿಡಿಗೆ ಜಿಐ ಟ್ಯಾಗ್ ಅಂತ ಸ್ಟೇಟಸ್ ಹಾಕ್ತೀರಲ್ಲ, ಅದರ ಕೆಲಸ ಗೊತ್ತಾ? ಮರ ಹತ್ತಿ ತೊಟ್ಟು ಸಮೇತ ಕೊಯ್ಯಬೇಕು. ಕೆಳಗೆ ಬಿದ್ದು ಪೆಟ್ಟಾದ್ರೆ ಕೊಳೆಯತ್ತೆ. ಉಪ್ಪಲ್ಲಿ ವಾರಗಟ್ಟಲೆ ಚಿರುಟಬೇಕು, ಆಮೇಲೆ ಸಾಸಿವೆ, ಖಾರ. ಭರಣಿಗೆ ಹಸಿ ನೀರು ತಾಗಿದ್ರೆ ಬೂಸ್ಟು. ಮಳೆಗಾಲ ದಾಟಿದ ಮೇಲೂ ಕಚ್ಚಿದಾಗ 'ಕಟಕ್' ಅಂದ್ರೆ ಪಾಸ್. ಅದನ್ನ ಬಿಟ್ಟು ತಟ್ಟೆ ನೋಡಿ ಮಾರ್ಕ್ಸ್ ಕೊಡೋದು ಅಂದ್ರೆ, ಲೆಡ್ಜರ್ ತೆರೆಯದೆ ಬೈಂಡಿಂಗ್ ನೋಡಿ ಆಡಿಟರ್ ಸಹಿ ಹಾಕಿದ ಹಾಗೆ. ಬಿಕಾಂನವರೇ, ಒಪ್ತೀರಾ?

ಅಮೆರಿಕದ ಎಷ್ಟೋ ಕೌಂಟಿ ಫೇರ್‌ಗಳಲ್ಲಿ ಜಾಡಿ ಮೇಲೆ ಹಾಕಿದ ತಾರೀಕು, ಮಾಡಿದ ವಿಧಾನ ಬರೆದಿರಬೇಕು. ನಮಗೇನು ಕಷ್ಟ? ಈ ವರ್ಷದ್ದು, ಹೋದ ವರ್ಷದ್ದು ಅಂತ ಎರಡು ವಿಭಾಗ ಮಾಡಿ. ನವಿಲಿಗೆ ಬೇರೆ ಬಹುಮಾನ ಕೊಡಿ.

ಸಮಿತಿಯಲ್ಲಿ ನಿಮ್ಮ ದೊಡ್ಡಪ್ಪನೋ ಮಾವನೋ ಇದ್ದೇ ಇರ್ತಾರೆ. ಇದನ್ನ ಅವರಿಗೆ ಕಳಿಸಿ. ಅಜ್ಜಿ ಆಗಲೇ ಭರಣಿಗೆ ಬಟ್ಟೆ ಕಟ್ಟಿ ನಾಗಂದಿಗೆ ಮೇಲೆ ಇಟ್ಟಾಯ್ತು. ಮುಂದಿನ ಸಲ ಕೊಡಲ್ವಂತೆ.